ಕಾಡಿನಲ್ಲಿ ಕರಗುವ ಮನೆ

ಲೊರೇನ್ ಮಗಳ ಎರಡನೇ ಜಡೆಯನ್ನು ಅರ್ಧ ಹೆಣೆದಿದ್ದಳು. ಅಷ್ಟರಲ್ಲಿ ಗಂಡ ವೇಡ್ ತಿಂಡಿಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ಹೊಸ ಮನೆಯ ಚಿತ್ರ ಬಂದಿದೆ ಎಂದ. ಅವನ ದನಿಯಲ್ಲಿ ಇಷ್ಟು ಉತ್ಸಾಹ ಕೇಳಿ ಬಹಳ ದಿನವಾಗಿತ್ತು.

ಇನ್ನೂ ಕಟ್ಟದ ಮನೆ, ಆದರೆ ಫೋಟೋ ಎಂದೇ ನಂಬಬೇಕು. ಎತ್ತರದ ಫರ್ ಮರಗಳ ನಡುವೆ ತಗ್ಗಾದ ಒಂದು ಸೂರು. ಗಾಜಿನ ಗೋಡೆಗಳಲ್ಲಿ ಜರೀಗಿಡಗಳ ನೆರಳು. ಮರದ ಗೋಡೆಗಳೋ ಕಾಡಿನ ಕತ್ತಲೆಯಷ್ಟೇ ಕಪ್ಪು. ಮನೆ ಕಾಡಿನಲ್ಲಿ ಕರಗಿಹೋಗಬೇಕು ಎಂದು ವಿನ್ಯಾಸ ಮಾಡುವವಳಿಗೆ ವೇಡ್ ಹೇಳಿದ್ದ. ಅವಳು ಕರಗಿಸಿದ್ದಳು.

ಹೋದ ಸೆಪ್ಟೆಂಬರಿನ ಕಾಳ್ಗಿಚ್ಚು ಅದೇ ಜಾಗದಲ್ಲಿದ್ದ ಅವರ ಹಳೆಯ ಮನೆಯನ್ನು ಬೂದಿ ಮಾಡಿ, ಅದರ ಹಿಂಬದಿಯ ಮರಗಳನ್ನು ಏಕೋ ಹಾಗೇ ಬಿಟ್ಟುಹೋಗಿತ್ತು.

"ಗೋಡೆ ಯಾಕೆ ಇಷ್ಟು ಕಪ್ಪು?" ಲೊರೇನ್ ಕೇಳಿದಳು.

"ಸುಟ್ಟ ಹಲಗೆ. ಬೇಕೂಂತಲೇ ಮೇಲ್ಮೇಲೆ ಸುಡ್ತಾರೆ. ಒಂದ್ಸಲ ಸುಟ್ಟಿದ್ದಕ್ಕೆ ಬೇಗ ಬೆಂಕಿ ಹತ್ತಲ್ಲವಂತೆ."

"ಹಾಗಾದ್ರೆ ಹಳೇ ಮನೇನೇ ಇಟ್ಕೋಬಹುದಿತ್ತು."

ವೇಡ್ ನಕ್ಕ. ಅವಳು ನಗಲಿಲ್ಲ. ಕಟ್ಟುವವರು ಈ ಬೆಳಿಗ್ಗೆಯೇ ಉತ್ತರ ಬೇಕೆಂದಿದ್ದಾರೆ, ಇಲ್ಲವಾದರೆ ಬೇರೆ ಕೆಲಸ ಹಿಡಿಯುತ್ತಾರಂತೆ. ಮತ್ತೆ ಒಂದು ವರ್ಷ ಈ ಬಾಡಿಗೆ ಮನೆಯೇ ಗತಿ ಎಂದ. ಅಲ್ಲಿಗೆ ವಾಪಸು ಹೋಗುವ ಧೈರ್ಯ ನನಗಿಲ್ಲ ಎಂಬ ಮಾತು ಎಂದಿನಂತೆ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಹಳೆಯ ಮನೆಯನ್ನು ಅವನು ತನ್ನ ಕೈಯಾರೆ ಕಟ್ಟಿದ್ದ. ಅದರ ಬೂದಿಯಲ್ಲಿ ಅವನು ಕುಕ್ಕುರುಗಾಲಲ್ಲಿ ಕೂತದ್ದನ್ನು ನೋಡಿದವಳಿಗೆ ಬೇಡ ಎನ್ನುವುದು ಸುಲಭವಲ್ಲ.

ಏಳು ವರ್ಷದ ಮಗಳು ಜೂನಿಯಂತೂ ಬೆಂಕಿಯ ಆ ರಾತ್ರಿಯ ಬಗ್ಗೆ ಇಂದಿನವರೆಗೆ ತುಟಿ ಬಿಚ್ಚಿರಲಿಲ್ಲ. ಹೊಗೆಯಲ್ಲಿ ಕಾರು ದಾರಿ ತಪ್ಪಿ ಎರಡು ಸಲ ಹಿಂದಕ್ಕೆ ತಿರುಗಿದಾಗಲೂ ಹಿಂದಿನ ಸೀಟಿನಲ್ಲಿ ಕಲ್ಲಿನಂತೆ ಕೂತಿದ್ದ ಮಗು ಅದು. ತಾನಾಗಿ ಕೇಳುವವರೆಗೆ ಕೆದಕಬೇಡಿ ಎಂದು ಡಾಕ್ಟರು ಹೇಳಿದ್ದರು. ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ಹೊದಿಕೆ ಹೊದಿಸುವಾಗ ಲೊರೇನ್ ಕಾಯುತ್ತಲೇ ಇದ್ದಳು.

"ನೋಡು ಮರಿ, ಇದು ನಿನ್ನ ಕೋಣೆ," ವೇಡ್ ಮಗಳನ್ನು ಹತ್ತಿರಕ್ಕೆ ಕರೆದ. "ಮಲಗಿದಲ್ಲಿಂದ್ಲೇ ಕಿಟಕಿ ತುಂಬ ಮರ. ಅಳಿಲುಗಳ ಹತ್ರ ಬಾಡಿಗೆ ವಸೂಲಿ ನಿನ್ನ ಕೆಲಸ, ಆಯ್ತಾ?"

ಜೂನಿ ಮುಂದಕ್ಕೆ ಬಾಗಿದಳು. ಹೆಣೆಯದ ಕೂದಲು ಲೊರೇನಳ ಬೆರಳುಗಳಿಂದ ಜಾರಿತು. ಮಗುವಿನ ತೋರುಬೆರಳು ಚಿತ್ರದ ಬಾಗಿಲಿನಿಂದ ಹೊರಟು ಜರೀಗಿಡಗಳ ಮೇಲೆ ಹಾದು ಒಂದು ಮರದ ಬುಡಕ್ಕೆ ತಾಗಿ ನಿಂತಿತು. ಮತ್ತೆ ಬಾಗಿಲಿಗೆ ಬಂತು. ಈ ಸಲ ಬಲಕ್ಕೆ ಹೋಯಿತು. ಅಲ್ಲೂ ಮರ.

"ಹಾಗಾದ್ರೆ ಒಪ್ಪಿಗೆ ಅಂತ ಕಳಿಸ್ಲಾ?" ವೇಡ್ ಕೇಳಿದ.

"ಸ್ವಲ್ಪ ತಾಳು," ಎಂದಳು ಲೊರೇನ್.

"ಈಗ ಮತ್ತೇನು?"

ಲೊರೇನ್ ಮಗಳ ಬೆರಳನ್ನೇ ನೋಡುತ್ತಿದ್ದಳು. ಅದು ಮೂರನೆಯ ಸಲ ಬಾಗಿಲಿಗೆ ಬಂದು, ಅಲ್ಲಿಂದ ಕದಲಲಿಲ್ಲ.

"ಅಪ್ಪಾ," ಎಂದಳು ಜೂನಿ, ಚಿತ್ರದಿಂದ ಕಣ್ಣು ತೆಗೆಯದೆ. "ಮತ್ತೆ ಬೆಂಕಿ ಬಂದಾಗ ನಾವು ಯಾವ ಕಡೆ ಓಡೋದು?"