ಕಾಳಿನ ವಹಿ

ಆಶಾ ಕಾರ್ಯಕರ್ತೆ ಫಕೀರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಪಂಚಾಯಿತಿ ಸದಸ್ಯ ಬಾಳನಗೌಡ ಹೇಳದೆ ಕೇಳದೆ ಒಳಗೆ ಬಂದವನೇ ಗೂಟದ ಚೀಲದಿಂದ ಅವಳ ವಹಿ ಎಳೆದುಕೊಂಡ.

ಊರಲ್ಲಿ ಎಚ್‌ಐವಿ ಇದ್ದವರಿಗೆ ಅವಳು ತಾಲೂಕು ಆಸ್ಪತ್ರೆಯಿಂದ ತಂದುಕೊಡುವ ಮಾತ್ರೆಗಳ ವಿವರವೆಲ್ಲ ಅದರಲ್ಲಿತ್ತು. ಅಂಥವರನ್ನು ಊರಲ್ಲಿ ಇರಗೊಡುವುದಿಲ್ಲ ಎಂದು ಚಾವಡಿಯಲ್ಲಿ ಕೂಗಾಡಿದ್ದವನು ಇವನೇ. ಒಂದು ಹೆಸರು ಹೊರಬಿದ್ದರೂ ಆ ಮನೆಗೆ ಒಂದು ಕೊಡ ನೀರೂ ಹುಟ್ಟುತ್ತಿರಲಿಲ್ಲ.

ಪುಟ ತಿರುವಿದ ಗೌಡನ ಹುಬ್ಬು ಗಂಟಿಕ್ಕಿತು.

“ಏನಿದು? ಹುರಳಿ ಎರಡು ಡಬ್ಬಿ, ನವಣಿ ಒಂದು ಡಬ್ಬಿ! ಕಾಳಿನ ಅಂಗಡಿ ಇಟ್ಟೀ ಏನ?”

“ನನಗ ತಿಳಿಯೋ ಹಂಗ ಬರ್ಕೊಂಡೀನ್ರಿ.”

“ಹುರಳಿ ಅಂದ್ರ ಯಾರು?”

“ಹೇಳಂಗಿಲ್ರಿ.”

“ನಾಳೆ ನಿನ್ನ ಕೆಲಸ ತಗಸ್ತೀನಿ.”

“ತಗಸ್ರಿ ಗೌಡ್ರ. ಆಗೂ ಹೇಳಂಗಿಲ್ಲ.”

“ಊರಾಗ ಇದನ್ನ ಓದಾವ್ರು ಮತ್ಯಾರದಾರ?”

“ನನ್ನ ಬಿಟ್ರ ಯಾರೂ ಇಲ್ರಿ.”

“ನಿನ್ನ ಗಂಡ?”

“ಅವಗೂ ತಿಳಿಯಂಗಿಲ್ರಿ.”

ಗೌಡ ಹೋಗಿ ತಲಬಾಗಿಲು ಮುಚ್ಚಿ ಅಗಳಿ ಹಾಕಿದ. ಫಕೀರವ್ವ ಕೂತಲ್ಲೇ ಗೋಡೆಗೆ ಸರಿದಳು.

ಅವನು ತಿರುಗಿ ಬಂದು ಅವಳೆದುರು ಬರಿ ನೆಲದ ಮೇಲೆ ಕೂತ. ವಹಿಯನ್ನು ಅವಳ ಮಡಿಲಿಗಿಟ್ಟು, ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ರಕ್ತಪರೀಕ್ಷೆಯ ಚೀಟಿ ತೆಗೆದು ಮುಂದೆ ಹಿಡಿದ.

“ನಂದೂ ಬರ್ಕೊಳ್ರಿ, ಅಕ್ಕಾರ.”