ಕಪ್ಪೆಗೆ ನಾಣಯ್ಯನ ಹೆಸರು

ಕಪ್ಪೆಗೆ ತನ್ನ ಹೆಸರಿಡುತ್ತಾರೆ ಎಂದು ಕೇಳಿದಾಗ ನಾಣಯ್ಯನಿಗೆ ಮೊದಲು ನಗು ಬಂತು. ಸಂಶೋಧನೆ ಮಾಡುವ ಹುಡುಗಿ ಅನುಪಮಾ ತನ್ನ ವಿಶ್ವವಿದ್ಯಾಲಯದ ವಾರ್ತಾಪತ್ರಿಕೆಯ ಕರಡು ಪುಟವನ್ನು ಜಗಲಿಯ ಮೇಜಿನ ಮೇಲೆ ಬಿಡಿಸಿಟ್ಟಳು. ‘ಭಾಗಮಂಡಲದ ಬಳಿ ಹೊಸ ಕಪ್ಪೆ: ನಮ್ಮ ಸಂಶೋಧಕಿಯ ಸಾಧನೆ’ ಎಂಬ ತಲೆಬರಹ. ಕೆಳಗೆ ಹೆಬ್ಬೆರಳಿನಷ್ಟು ಕಪ್ಪೆಯ ಚಿತ್ರ. ಅದರ ಲ್ಯಾಟಿನ್ ಹೆಸರಿನ ಬಾಲದಲ್ಲಿ ‘ನಾಣಯ್ಯೈ’.

“ಇದೆಂಥದು ನಾಣಯ್ಯೈ? ಗದ್ದೆಯ ಆಚೆಯಿಂದ ಯಾರೋ ಕೂಗಿದ ಹಾಗೆ ಉಂಟಲ್ಲ!”

“ಲ್ಯಾಟಿನ್‌ನಲ್ಲಿ ಹಾಗೇ ಅಂಕಲ್. ಎರಡು ಮಳೆಗಾಲ ನನ್ನ ಜೊತೆ ತೋಡಿನ ನೀರಿಗಿಳಿದು ಜಿಗಣೆ ಕಚ್ಚಿಸಿಕೊಂಡವರು ನೀವು. ಇದರ ಕೂಗು ಬೇರೆ ಅಂತ ಮೊದಲು ಹೇಳಿದ್ದೂ ನೀವೇ. ನೀವು ಹೂಂ ಅಂದ್ರೆ ಇವತ್ತೇ ಅಚ್ಚಿಗೆ ಕಳಿಸ್ತೇನೆ.”

ಊರಿನಲ್ಲಿ ನಾಣಯ್ಯಂದಿರು ಇಬ್ಬರು. ಒಬ್ಬ ಜೀಪಿನ ನಾಣಯ್ಯ, ಈತ ಕುಡುಕ ನಾಣಯ್ಯ. ಭಾಗಮಂಡಲದ ಸಂಗಮದಲ್ಲಿ ಮುಳುಗಿ ಎದ್ದು, ಇನ್ನು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಪ್ರಮಾಣ ಮಾಡಿ ಎರಡೂವರೆ ವರ್ಷವಾಗಿದೆ, ಒಂದು ತೊಟ್ಟು ಮುಟ್ಟಿಲ್ಲ. ಆದರೇನು, ಊರ ಬಾಯಿ ಮುಚ್ಚಿಸುವವರು ಯಾರು? ಕುಡಿತ ಹೋಯಿತು, ಅಡ್ಡಹೆಸರು ಹೋಗಲಿಲ್ಲ. ಈಗ ನೋಡಿದರೆ ಅಚ್ಚಿನಲ್ಲಿ, ನುಣುಪು ಕಾಗದದ ಮೇಲೆ, ಬರೀ ನಾಣಯ್ಯ! ಅವನ ಕಣ್ಣು ತುಂಬಿತು.

“ಹಾಕಮ್ಮ, ಧಾರಾಳ ಹಾಕು” ಎಂದ.

ಕಾಫಿ ತಂದ ಹೆಂಡತಿ ಯಮುನ ಚಿತ್ರವನ್ನು ಬಗ್ಗಿ ನೋಡಿದಳು. “ಪಾಪ, ಇದು ಈಗ ಎಲ್ಲುಂಟು?”

“ನಮ್ಮ ಮ್ಯೂಸಿಯಂನಲ್ಲಿ ಆಂಟಿ. ಕೆಡಬಾರದಲ್ಲ, ಅದಕ್ಕೆ ಬಾಟಲಿಯಲ್ಲಿ ಆಲ್ಕೋಹಾಲ್ ತುಂಬಿ ಅದರೊಳಗೆ ಇಟ್ಟಿದ್ದೇವೆ. ಹೊರಗೆ ಅಂಕಲ್ ಹೆಸರಿನ ಚೀಟಿ...” ಅನುಪಮಾ ನಾಲಿಗೆ ಕಚ್ಚಿಕೊಂಡಳು.

“ಶಿವನೇ! ಇವರನ್ನ ಬಾಟ್ಲಿಯಿಂದ ಹೊರಗೆ ಎಳೆಯೋದ್ರಲ್ಲಿ ನನ್ನ ಅರ್ಧ ಆಯುಸ್ಸು ಹೋಯ್ತು ಮಾರಾಯ್ತಿ. ನೀನು ಪುನಃ ಒಳಗೆ ಹಾಕಿ, ಮೇಲೆ ಚೀಟಿ ಬೇರೆ ಅಂಟಿಸ್ತೀಯಾ? ಬೇಡ. ದೇವರ ಮುಂದೆ ಹೇಳಿ ಪ್ರಮಾಣ ಮಾಡಿದ ಹೆಸರು ಅದು.” ತಮಾಷೆಯಲ್ಲ, ಯಮುನಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಬೇರೆ ಹೆಸರು ಇಡೋಣ ಬಿಡಿ ಆಂಟಿ” ಎಂದು ಅನುಪಮಾ ಪುಟ ಮಡಚಲು ಹೋದಳು. ನಾಣಯ್ಯ ಅದರ ಮೇಲೆ ಕೈಯಿಟ್ಟ.

“ಆ ಬಾಟ್ಲಿಯ ಮುಚ್ಚಳ ಯಾರು ತೆಗೀತಾರೆ?”

“ಯಾರೂ ಇಲ್ಲ ಅಂಕಲ್. ಸೀಲ್ ಮಾಡಿ ಕಪಾಟಿಗೆ ಬೀಗ ಹಾಕಿದ್ದೇವೆ. ನೂರು ವರ್ಷ ಆದ್ರೂ ಹಾಗೇ ಇರ್ತದೆ.”

ನಾಣಯ್ಯ ಹೆಂಡತಿಯ ಕಡೆ ತಿರುಗಿದ.

“ಹಾಗಾದ್ರೆ ಇರಲಿ ಬಿಡು ಯಮುನ. ನನ್ನ ಹೆಸರಿನ ಬಾಟ್ಲಿ ಒಂದಾದ್ರೂ ಮುಚ್ಚಿದ ಹಾಗೇ ಇರಲಿ.”