'ದ' ಅಕ್ಷರದ ಹೊಟ್ಟೆ

"ಮತ್ತೆ ಯಾಕೆ ನಿಲ್ಲಿಸಿದೆ?"

ಯಂತ್ರದ ಸದ್ದು ಅಡಗುವ ಮೊದಲೇ ಭಾವನ ಸದ್ದು ಎದ್ದಿತು. ಆಪರೇಟರ್ ರೋಲಿನಿಂದ ಒಂದು ಮೊಳ ಹರಿದು ದೀಪದ ಕೆಳಗೆ ಹಿಡಿದ, ಭೂತಗನ್ನಡಿ ಇಟ್ಟು ನೋಡಿದ. ಸಿರಪ್ ಬಾಟಲಿಯ ಲೇಬಲ್‌ಗಳು. ಬಣ್ಣಗಳೆಲ್ಲ ತಂತಮ್ಮ ಜಾಗದಲ್ಲೇ ಇದ್ದವು. ಅವನ ಬೆರಳು ನಿಂತದ್ದು 'ಮಕ್ಕಳ ಕೆಮ್ಮಿನ ಔಷದ' ಎಂಬ ಸಾಲಿನ ಕೊನೆಯ ಅಕ್ಷರದ ಮೇಲೆ.

"ಭಾವ, ಇಲ್ಲಿ 'ದ'ಗೆ ಹೊಟ್ಟೆ ಸೀಳಿಲ್ಲ."

"ನನ್ನ ಹೊಟ್ಟೆ ಉರೀತಿದೆ, ನಿನಗೆ 'ದ' ಹೊಟ್ಟೆಯ ಚಿಂತೆ! ಓಡಿಸು."

ಭಾವನಿಗೆ ಬೇಕಾದದ್ದು ವೇಗ. ಲೇಬಲ್ ಅಚ್ಚಾಗಬೇಕು, ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟ ಬಾಟಲಿಗಳಿಗೆ ಅಂಟಬೇಕು, ಬೆಳಗ್ಗೆ ಗಾಡಿ ಹೊರಡಬೇಕು. ಅಲ್ಲಿಯವರೆಗೆ ಶಟರ್ ಏಳುವುದಿಲ್ಲ. ಧೂಳು ಬಂದರೆ ಅಚ್ಚು ಕೆಡುತ್ತದಂತೆ. ಆಪರೇಟರನ ಫೋನೂ ಭಾವನ ಜೇಬಿನಲ್ಲಿತ್ತು. ಗಮನ ಕದಲಬಾರದಂತೆ. ಭಾವನ ಬಳಿ ಎಲ್ಲದಕ್ಕೂ ಒಂದು ಕಾರಣ ಸಿದ್ಧವಿರುತ್ತಿತ್ತು. ಉಳಿದದ್ದು ಟ್ಯೂಬ್‌ಲೈಟು, ಶಾಯಿಯ ವಾಸನೆ, ಮಲಗಲು ಖಾಲಿ ರಟ್ಟಿನ ಹಾಸಿಗೆ.

ಕೈ ನಿಧಾನ ಎಂದು ಹಳೆಯ ಪ್ರೆಸ್ಸಿನವರು ಅವನನ್ನು ಬಿಡಿಸಿದ್ದರು. ಇದೇ ಸಿರಪ್ಪಿನ ಲೇಬಲ್ ಅಲ್ಲೂ ಅವನ ಕೈಯಲ್ಲೇ ಅಚ್ಚಾಗುತ್ತಿತ್ತು. ಆರ್ಡರ್ ಕೊಡುವ ಪಾರ್ಟಿ, ಅಂದರೆ ಸಿರಪ್ ಕಂಪನಿ, ಈಗ ಆ ಪ್ರೆಸ್ ಬಿಟ್ಟು ತನ್ನನ್ನು ಹುಡುಕಿಕೊಂಡು ಬಂದಿದೆ ಎಂದು ಭಾವ ಬೀಗುತ್ತಿದ್ದ. ಕೆಲಸವಿಲ್ಲದವನಿಗೆ ಕರೆದು ಅನ್ನ ಹಾಕಿದವನು ಭಾವನೇ. ಮಹಡಿಯ ಮೇಲೆ ಅಕ್ಕ, ಅವಳ ಮಗು. ಭಾವ ಮುಳುಗಿದರೆ ಅವರೂ ಮುಳುಗುತ್ತಾರೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಒಳಮೆಟ್ಟಿಲಿನಿಂದ ಅಕ್ಕ ಊಟ ತಂದಳು. ಮೇಲಿನಿಂದ ಮಗುವಿನ ಕೆಮ್ಮು ಕೇಳುತ್ತಲೇ ಇತ್ತು. ತಟ್ಟೆ ಇಟ್ಟವಳು ಲೇಬಲ್ಲಿಲ್ಲದ ಒಂದು ಬಾಟಲಿ ಎತ್ತಿಕೊಂಡಳು.

"ಮುಟ್ಟಬೇಡ ಅದನ್ನ!" ಭಾವ ಒಂದೇ ನೆಗೆತಕ್ಕೆ ಬಂದು ಕಿತ್ತುಕೊಂಡ.

"ಒಂದು ಚಮಚ ಹಾಕ್ತೀನಿ ಅಷ್ಟೇ, ರೀ. ಪಾಪ, ರಾತ್ರಿಯೆಲ್ಲ ನಿದ್ದೆ ಇಲ್ಲ ಅದಕ್ಕೆ."

"ಅಂಗಡಿಯಿಂದ ತರ್ತೀನಿ. ಇದು ಪಾರ್ಟಿ ಮಾಲು."

"ಊರ ಮಕ್ಕಳಿಗೆಲ್ಲ ಇದೆ, ನಮ್ಮ ಮಗೂಗೆ ಒಂದು ಚಮಚ ಇಲ್ವಾ? ಎಂಜಲು ಕೈಯಲ್ಲಿ ಕಾಗೆ ಓಡಿಸದವರು ನೀವು!" ಅಕ್ಕ ದಡದಡನೆ ಮೆಟ್ಟಿಲು ಹತ್ತಿದಳು.

ಆಪರೇಟರ್ ಭಾವನ ಕೈ ನೋಡಿದ. ಬಾಟಲಿ ಕೆಳಗಿಟ್ಟು ಅದನ್ನು ಭಾವ ಅಂಗಿಗೆ ಉಜ್ಜಿ ಒರೆಸಿಕೊಳ್ಳುತ್ತಿದ್ದ. ಆಪರೇಟರ್ ತುತ್ತೂ ಎತ್ತದೆ ತಟ್ಟೆ ಸರಿಸಿ ಎದ್ದ.

"ಅಚ್ಚಿನ ಪ್ಲೇಟ್ ಬದಲಾಯಿಸ್ಬೇಕು ಭಾವ. ಅಕ್ಷರ ತಿದ್ದಿ ಹೊಸದು ಮಾಡ್ತೀನಿ."

"ತಲೆ ಕೆಟ್ಟಿದೆಯಾ? ಪಾರ್ಟಿ ಕೊಟ್ಟ ಸ್ಯಾಂಪಲ್ ಬಾಟಲಿಯಲ್ಲೇ ಹಾಗಿದೆಯಲ್ಲೋ!"

"ಅದು ಹಳೇ ಪ್ರೆಸ್ಸಿನ ಕೆಲಸ. ನನಗೆ ಗೊತ್ತಿಲ್ವಾ? ಔಷಧ ಅನ್ನೋ ಪದದಲ್ಲೇ ಕಾಗುಣಿತ ತಪ್ಪಿದ್ರೆ ನೋಡಿದವರು ಏನಂತಾರೆ? ನಕಲಿ ಮಾಲು ಅಂತಾರೆ."

ಭಾವ ಬಾಟಲಿಗಳ ಕಡೆ ನೋಡಿದ. ಬೆವರು ಒರೆಸಿಕೊಂಡ.

"ಬೇಗ ಮಾಡು," ಎಂದ.

ಹೊಸ ಪ್ಲೇಟ್ ಏರಿತು. ಈಗ 'ಧ'ದ ಹೊಟ್ಟೆಯ ಕೆಳಗೆ ಕೂದಲೆಳೆಯಂಥ ಗೀರು. ಯಂತ್ರ ನಿಧಾನಕ್ಕೆ ಓಡಿದರೆ ಗೀರು ಚೊಕ್ಕವಾಗಿ ಮೂಡುತ್ತಿತ್ತು. ಓಟ ಹೆಚ್ಚಿಸಿದರೆ ಶಾಯಿ ಹರಡಿ, ಗೀರು ಮುಚ್ಚಿ, 'ಧ' ಮತ್ತೆ 'ದ' ಆಗುತ್ತಿತ್ತು. ಭಾವ ಬಂದು ಗುಂಡಿ ತಿರುಗಿಸುವನು, ಆಪರೇಟರ್ ಹಿಂದಕ್ಕೆ ತಿರುಗಿಸುವನು.

"ಆಮೆ ಕೂಡ ನಿನ್ನ ನೋಡಿ ನಗುತ್ತೆ ಕಣೋ!"

"ನಗಲಿ ಭಾವ. ಸೀಳು ಕಾಣ್ಬೇಕು."

"ಅದನ್ನ ಯಾರು ನೋಡ್ತಾರೆ?"

"ನೋಡೋರು ನೋಡ್ತಾರೆ."

ಪ್ರತಿ ರೋಲಿನ ಕೊನೆಯನ್ನೂ ಅವನು ಭೂತಗನ್ನಡಿಯಲ್ಲಿ ನೋಡಿದ. ಗೀರು ಮುಚ್ಚಿದ್ದನ್ನೆಲ್ಲ ಹರಿದು ಕಸಕ್ಕೆ ಎಸೆದ. ಆ ಗೀರು ಮುಚ್ಚಿಹೋದರೆ ತಾನೂ ಈ ಶಟರಿನ ಹಿಂದೆ ಮುಚ್ಚಿಹೋಗುತ್ತೇನೆ ಎನಿಸಿತು. ಭಾವ ಬೈದು ಬೈದು ಸುಸ್ತಾಗಿ ಕುರ್ಚಿಯಲ್ಲೇ ನಿದ್ದೆಹೋದ.

ಬೆಳಗ್ಗೆ ಗಾಡಿ ಹೊರಟಿತು. ಶಟರ್ ಒಮ್ಮೆ ಎದ್ದು ಮತ್ತೆ ಬಿತ್ತು. ಇನ್ನೂ ಎರಡು ಲೋಡ್ ಇದೆ ಎಂದ ಭಾವ. ಅಂಗಡಿಯಿಂದ ತಂದ ಸಿರಪ್ ಕುಡಿದು ಮಗು ಮೇಲೆ ಮಲಗಿತ್ತು.

ಮಧ್ಯಾಹ್ನ ಶಟರನ್ನು ಯಾರೋ ಹೊರಗಿನಿಂದ ಬಡಿದರು. ತೆರೆದರೆ ಗಾಡಿಯ ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ಪಕ್ಕದಲ್ಲಿ ಇಬ್ಬರು ಪೊಲೀಸರು, ಮುಂದೆ ಔಷಧ ತಪಾಸಣೆಯ ಅಧಿಕಾರಿಣಿ. ಅವರ ಕೈಯಲ್ಲಿ ಅದೇ ಬಾಟಲಿ. ಗೋದಾಮಿನಲ್ಲಿ ಮೊದಲ ಪೆಟ್ಟಿಗೆ ತೆರೆದಾಗಲೇ ಲೋಡ್ ತಡೆದಿದ್ದರು.

"ಇದನ್ನ ಅಚ್ಚು ಹಾಕಿದ್ದು ಇಲ್ಲೇ ತಾನೆ?"

ಭಾವ ಸಾವರಿಸಿಕೊಂಡ. "ಕಂಪನಿಯವರೇ ಕೊಟ್ಟ ಆರ್ಡರ್, ಮೇಡಂ. ಬೇಕಾದ್ರೆ ಭೂತಗನ್ನಡಿ ಹಿಡಿದು ನೋಡಿ. ಇಡೀ ಲೇಬಲ್‌ನಲ್ಲಿ ಒಂದೇ ಒಂದು ತಪ್ಪಿದ್ರೆ ತೋರಿಸಿ!"

"ಅದಕ್ಕೇ ಸಿಕ್ಕಿಬಿದ್ದಿದ್ದೀರಿ," ಎಂದರು ಅಧಿಕಾರಿಣಿ. "ಅಸಲಿ ಲೇಬಲ್‌ನಲ್ಲಿ ಆ 'ದ'ಗೆ ಹೊಟ್ಟೆ ಸೀಳಿರಲ್ಲ. ಕಂಪನಿಯವರು ಬೇಕಂತಲೇ ಉಳಿಸಿಕೊಂಡಿರೋ ತಪ್ಪು ಅದು. ಆ ಗುಟ್ಟು ಗೊತ್ತಿರೋದು ಅವರಿಗೆ, ನಮಗೆ, ಆಮೇಲೆ ಮೊದಲಿನಿಂದ ಅವರ ಲೇಬಲ್ ಅಚ್ಚು ಹಾಕೋ ಪ್ರೆಸ್ಸಿನವರಿಗೆ."